ಎರಡೇ ವರ್ಷಕ್ಕೆ ಕಪ್ ಬೇಕಂತೆ!

ನಿನ್ನೆ ಸಂಜೆ ವಿಜಯಪುರದ ಕಾಲೇಜೊಂದರ ಕ್ರೀಡಾ ಸಮಿತಿಯ ಸಭೆಗೆ, ಹಳೆಯ ಆಟಗಾರನೆಂಬ ಕಾರಣಕ್ಕೆ, ನನ್ನನ್ನೂ ಕರೆದಿದ್ದರು. ಬಾಸ್ಕೆಟ್‌ಬಾಲ್ ಕೋಚ್‌ನನ್ನು ಕೈಬಿಡುವ ತೀರ್ಮಾನ ಅಲ್ಲಿ ಚಹಾ ಆರುವುದರೊಳಗೆ ಮುಗಿದುಹೋಯಿತು. ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಎರಡು ವರ್ಷ ಆತು, ಒಂದರೆ ಕಪ್ ತಂದಾನೇನ್ರಿ ಇಂವಾ?" ಉಳಿದವರು ತಲೆಯಾಡಿಸಿದರು.

ಈ ಹುಡುಗ ಅದೇ ಕಾಲೇಜಿನಲ್ಲಿ ಆಡಿ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಆಟಗಾರ, ಆದವನು. ಅಂದು ಅವನಿಗೆ ಹಾರ ಹಾಕಿ ತೆಗೆಸಿಕೊಂಡ ಫೋಟೋ ಪ್ರಾಚಾರ್ಯರ ಕೋಣೆಯ ಹೊರಗೆ ಇನ್ನೂ ತೂಗುತ್ತಿದೆ. ಆಟ ಮುಗಿಸಿ, ಪಟಿಯಾಲಾಕ್ಕೆ ಹೋಗಿ ಆರು ವಾರದ ತರಬೇತಿ ಕೋರ್ಸು ಮುಗಿಸಿ, ತನ್ನದೇ ಕಾಲೇಜಿಗೆ ಕೋಚ್ ಆಗಿ ಮರಳಿದ. ರಜೆಯ ತಿಂಗಳಲ್ಲಿ ಸಂಬಳವಿಲ್ಲ, ಪರೀಕ್ಷೆ ಬಂದರೆ ಮೇಲ್ವಿಚಾರಣೆಯ ಕೆಲಸ ತಪ್ಪಿದ್ದಲ್ಲ. ಅವನ ಕೈಗೆ ಸಿಕ್ಕ ಹುಡುಗರಲ್ಲಿ ಹೆಚ್ಚಿನವರು ಕಾಲೇಜಿಗೆ ಬಂದ ಮೇಲೆಯೇ ಮೊದಲ ಬಾರಿ ಚೆಂಡು ಹಿಡಿದವರು. ಎಡಗೈಯಲ್ಲಿ ಚೆಂಡು ಪುಟಿಸುತ್ತ ಸಾಗುವುದು (ಡ್ರಿಬಲ್) ರೂಢಿಯಾಗುವಷ್ಟರಲ್ಲಿ ಪದವಿ ಮುಗಿದು ಊರು ಬಿಡುವವರು. ಅಂಥವರಿಂದ ಎರಡು ವರ್ಷದಲ್ಲಿ ಕಪ್ ಬೇಕಂತೆ!

ಈ ಹಿರಿಯರಿಗೆ ಒಂದು ಅರ್ಜಿಯ ಕಥೆ ಹೇಳಬೇಕೆನಿಸಿತು. ಅಮೆರಿಕದ ಮೈಕ್ ಶಶೆಫ್‌ಸ್ಕಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡದಲ್ಲಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಆಗಿದ್ದವರು, ಕೊನೆಯ ವರ್ಷ ನಾಯಕರೂ ಹೌದು. ಅಂಕ ಗಳಿಸುವುದಕ್ಕಿಂತ ಎದುರಾಳಿಯನ್ನು ತಡೆಯುವುದರಲ್ಲಿ, ಜೊತೆಗಾರರಿಗೆ ಚೆಂಡು ಒದಗಿಸುವುದರಲ್ಲಿ ಅವರ ಜೀವ. 1969ರಲ್ಲಿ ಪದವಿ ಮುಗಿಸಿ ಸೇನೆಯಲ್ಲಿ ಸೇವೆ ಸಲ್ಲಿಸಿದರು. ತಮ್ಮ ಹಳೆಯ ಕೋಚ್ ಬಾಬ್ ನೈಟ್ ಅವರ ಬಳಿ ಒಂದು ವರ್ಷ ಸಹಾಯಕರಾಗಿದ್ದು, 1975ರಲ್ಲಿ ತಾವು ಆಡಿದ ಅಕಾಡೆಮಿಗೇ ಕೋಚ್ ಆಗಿ ಹಿಂದಿರುಗಿದರು. ಅಲ್ಲಿಯ ಕೊನೆಯ ಸೀಸನ್‌ನಲ್ಲಿ ಗೆದ್ದದ್ದು 9, ಸೋತದ್ದು 17. ಆ ಲೆಕ್ಕ ಇಟ್ಟುಕೊಂಡೇ 1980ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ಆದರು. ನಮ್ಮ ಸಮಿತಿಯ ಮುಂದೆ ಆ ಅರ್ಜಿ ಬಂದಿದ್ದರೆ ಲಕೋಟೆ ಸಹಿತ ಕಸದ ಬುಟ್ಟಿಗೆ ಹೋಗುತ್ತಿತ್ತು.

ಡ್ಯೂಕ್‌ನ ಮೊದಲ ಮೂರು ಸೀಸನ್ ಸೇರಿಸಿದರೂ 38 ಗೆಲುವು, 47 ಸೋಲು. ಮೂರನೆಯ ಸೀಸನ್‌ನ ಕೊನೆಯ ಪಂದ್ಯದಲ್ಲಿ ವರ್ಜೀನಿಯಾ ವಿರುದ್ಧ 109-66ರ ಹೀನಾಯ ಸೋಲು. ದೇಣಿಗೆ ಕೊಡುವವರೆಲ್ಲ ಕೋಚ್‌ನನ್ನು ಓಡಿಸಿ ಎಂದು ಕೂಗಿದರು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ ಮಾತ್ರ ಜಗ್ಗದೆ 1984ರಲ್ಲಿ ಅವರ ಒಪ್ಪಂದವನ್ನು ವಿಸ್ತರಿಸಿದರು. ಕಾಲೇಜು ಬಾಸ್ಕೆಟ್‌ಬಾಲ್‌ನ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1991ರಲ್ಲಿ, ಅಂದರೆ ಹನ್ನೊಂದನೆಯ ಸೀಸನ್‌ನಲ್ಲಿ. 2022ರಲ್ಲಿ ನಿವೃತ್ತರಾದಾಗ ಐದು ರಾಷ್ಟ್ರೀಯ ಪ್ರಶಸ್ತಿಗಳು, 1,202 ಗೆಲುವುಗಳು, ಜೊತೆಗೆ ಅಮೆರಿಕ ತಂಡಕ್ಕೆ ಗಳಿಸಿಕೊಟ್ಟ ಮೂರು ಒಲಿಂಪಿಕ್ ಚಿನ್ನ. ಶಶೆಫ್‌ಸ್ಕಿಯವರ ಹೆಸರು ಎಲ್ಲರ ಬಾಯಲ್ಲಿದೆ. ನನಗೆ ಕೈ ಮುಗಿಯಬೇಕೆನಿಸುವುದು ಬಟರ್ಸ್ ಅವರಿಗೆ.

"ಅವರಲ್ಲಿ ರೊಕ್ಕ ಐತ್ರಿ, ನಮ್ಮಲ್ಲೆಲ್ಲಿ?" ಎಂದು ಯಾರಾದರೂ ಅಂದೇ ಅನ್ನುತ್ತೀರಿ. ಜಾನ್ ವುಡನ್ ಅವರನ್ನು ನೋಡಿ. ಪರ್ಡ್ಯೂ ವಿಶ್ವವಿದ್ಯಾಲಯದ ಮಹಾನ್ ಆಟಗಾರ, ಆಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಮತ್ತು ಕೋಚ್. 1948ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಸಿಎಲ್‌ಎ) ಕೋಚ್ ಆಗಿ ಬಂದಾಗ ಅವರಿಗೆ ಸಿಕ್ಕಿದ್ದು ಕುಸ್ತಿ, ಜಿಮ್ನಾಸ್ಟಿಕ್ಸ್‌ನವರ ಜೊತೆ ಹಂಚಿಕೊಳ್ಳಬೇಕಾದ ಹಳೆಯ ಜಿಮ್. ಅಭ್ಯಾಸಕ್ಕೆ ಮೊದಲು ನೆಲ ಒರೆಸುವ ಕೆಲಸಕ್ಕೆ ಅವರೇ ನಿಲ್ಲುತ್ತಿದ್ದರು. ಮೊದಲ ಪ್ರಶಸ್ತಿ 1964ರಲ್ಲಿ, ಹದಿನಾರನೆಯ ಸೀಸನ್‌ನಲ್ಲಿ, ಹೊಸ ಕ್ರೀಡಾಂಗಣ ತೆರೆಯುವುದಕ್ಕಿಂತ ಮೊದಲೇ ಬಂತು. ಅದೂ ಸೇರಿ 1975ರೊಳಗೆ ಒಟ್ಟು ಹತ್ತು. ನಮ್ಮ ಹುಡುಗನೂ ದಿನಾ ಕೋರ್ಟಿನ ಧೂಳು ಗುಡಿಸುತ್ತಿದ್ದ. ರೊಕ್ಕವಿಲ್ಲ ಎನ್ನುವುದು ನಿಜವೇ ಇರಲಿ; ಕಾಯುವುದಕ್ಕೆ ರೊಕ್ಕ ಬೇಡವಲ್ಲ!

ಇನ್ನು ಲೆಕ್ಕ ಕೇಳಬಾರದೇ ಎಂಬ ಪ್ರಶ್ನೆ. ಕೇಳಿ, ಧಾರಾಳವಾಗಿ ಕೇಳಿ. ಎಷ್ಟು ಹುಡುಗರು ತಪ್ಪದೆ ಅಭ್ಯಾಸಕ್ಕೆ ಬರುತ್ತಾರೆ, ಫ್ರೀ ಥ್ರೋ ಎಷ್ಟು ಸುಧಾರಿಸಿದೆ, ಕಳೆದ ವರ್ಷ ಬೆಂಚಿನಲ್ಲಿದ್ದವನು ಈ ವರ್ಷ ಎಷ್ಟು ನಿಮಿಷ ಆಡಿದ ಎಂದು ಕೇಳಿ. ಸಭೆಯಲ್ಲಿ ಇವುಗಳಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ, ಏಕೆಂದರೆ ಈ ಎರಡು ವರ್ಷದಲ್ಲಿ ಅವರಲ್ಲಿ ಯಾರೂ ಕೋರ್ಟಿನ ಹತ್ತಿರ ಸುಳಿದವರಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ಇದೇ ಕೆಲಸ ನನ್ನ ಬಾಗಿಲಿಗೂ ಬಂದಿತ್ತು. ಸಂಬಳದ ಅಂಕಿ ನೋಡಿ ಒಲ್ಲೆ ಎಂದು ಬ್ಯಾಂಕಿನ ನೌಕರಿ ಹಿಡಿದೆ, ನೀವೆಲ್ಲ ಬಲ್ಲಿರಿ. ಅವನು ಅದೇ ಅಂಕಿ ನೋಡಿಯೂ ಹೂಂ ಎಂದ. ಹಾಗಾಗಿ ಅವನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ತಡೆಯಲಾಗುವುದಿಲ್ಲ. ನಿನ್ನೆಯೂ ತಡೆಯಲಾಗಲಿಲ್ಲ, ಸಭೆಯ ನಡಾವಳಿಯಲ್ಲಿ ನನ್ನ ಮಾತುಗಳನ್ನು ಬರೆದುಕೊಳ್ಳಲಿಲ್ಲವೆಂದು ಈಗಷ್ಟೇ ತಿಳಿಯಿತು.

ಹೊಸ ಕೋಚ್‌ಗಾಗಿ ಸಂದರ್ಶನ ನಡೆಸುತ್ತಾರಂತೆ. ಆಯ್ಕೆ ಸಮಿತಿಯಲ್ಲಿ ಕೂಡ್ರಿ ಎಂದು ಇವತ್ತು ಬೆಳಿಗ್ಗೆ ಫೋನ್ ಬಂತು. ಹೊಸಬನಿಗೆ ಕನಿಷ್ಠ ಐದು ವರ್ಷ ಕೊಡುತ್ತೇವೆಂದು ಬರೆದುಕೊಟ್ಟರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ವಿಚಾರ ಮಾಡಿ ಹೇಳುತ್ತೇವೆ ಎಂದು ಫೋನ್ ಇಟ್ಟರು.