ಇದು ಉತ್ಪ್ರೇಕ್ಷೆ ಅಲ್ಲ, ತಲೆಕೆಳಗು ಮಾಡಿದ್ದು

ಸಿನಿಮಾಗಳು ಮಾನಸಿಕ ಕಾಯಿಲೆಯನ್ನು ನಗುವಿಗೆ ಬಳಸುವುದನ್ನು ಸಮರ್ಥಿಸುವ ಲೇಖನವೊಂದರಲ್ಲಿ ‘ಕಾಮಿಡಿ ಇರುವುದನ್ನೇ ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ’ ಎಂದಿದ್ದಾರೆ ಲೇಖಕರು. ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಒಬ್ಬರಲ್ಲೇ ಎರಡು ಅಥವಾ ಹೆಚ್ಚು ವ್ಯಕ್ತಿತ್ವಗಳಿದ್ದು, ನಡುನಡುವೆ ನೆನಪು ಖಾಲಿಯಾಗುವ ಕಾಯಿಲೆ) ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಈ ಕಾಯಿಲೆಯ ಸ್ವಭಾವವೇ ಬಚ್ಚಿಟ್ಟುಕೊಳ್ಳುವುದು. ಒಂದು ವ್ಯಕ್ತಿತ್ವದಿಂದ ಇನ್ನೊಂದಕ್ಕೆ ಜಾರುವಾಗ ಹೊರಗೆ ಕಾಣುವುದು ಬಹಳ ಸಲ ಇಷ್ಟೇ: ನೋಟ ಕೆಲ ಕ್ಷಣ ಎಲ್ಲೋ ನೆಟ್ಟುಹೋಗುತ್ತದೆ, ರೆಪ್ಪೆ ಪಟಪಟ ಬಡಿಯುತ್ತದೆ, ದನಿ ಕೊಂಚ ಬದಲಾಗುತ್ತದೆ, ಮಾತಿನ ಎಳೆ ತಪ್ಪುತ್ತದೆ. ಕೂಡಲೇ ‘ಹಾಂ, ಏನು ಹೇಳ್ತಿದ್ದೆ?’ ಅಂತ ತೇಪೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗದೆ ಹೋಗಬಹುದು. ಸರಿಯಾದ ರೋಗನಿರ್ಣಯಕ್ಕೆ ವರ್ಷಗಟ್ಟಲೆ ಹಿಡಿಯಲು ಇದೂ ಒಂದು ಕಾರಣ. ತೆರೆಯ ಮೇಲೆ ಮಾತ್ರ ಕತ್ತು ಝಾಡಿಸಿ, ಗುಡುಗುವ ದನಿಯಲ್ಲಿ ‘ಇನ್ನೊಬ್ಬ’ ಬಂದಿಳಿಯುತ್ತಾನೆ!

2000ರ ಹಾಲಿವುಡ್ ಕಾಮಿಡಿ ಚಿತ್ರ ‘ಮಿ, ಮೈಸೆಲ್ಫ್ ಅಂಡ್ ಐರೀನ್’ ಇನ್ನೂ ಒಂದು ಹೆಜ್ಜೆ ಮುಂದೆ: ನಾಯಕನಿಗೆ ಎರಡು ವ್ಯಕ್ತಿತ್ವ, ಹಣೆಪಟ್ಟಿ ಸ್ಕಿಜೋಫ್ರೇನಿಯಾದ್ದು. ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳುವ, ಭ್ರಮೆಗಳು ಕಾಡುವ ಕಾಯಿಲೆ; ಎರಡೂ ಬೇರೆ ಬೇರೆ. ಸ್ಕಿಜೋಫ್ರೇನಿಯಾ ಚಿಕಿತ್ಸೆಯಲ್ಲಿ ಅಂಥ ಭ್ರಮೆಗಳನ್ನು ತಗ್ಗಿಸುವ ಆಂಟಿಸೈಕೋಟಿಕ್ ಔಷಧಿಗಳೇ ಮುಖ್ಯ. ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್‌ಗಾದರೋ ನೇರ ಔಷಧಿಯೇ ಇಲ್ಲ. ದೀರ್ಘಕಾಲದ ಮನೋಚಿಕಿತ್ಸೆ ಬೇಕು, ಅದರಲ್ಲೂ ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಆಮೇಲಷ್ಟೇ ಹಳೆಯ ಆಘಾತದ ನೆನಪುಗಳು. ಈ ಕ್ರಮ ತಪ್ಪಿಸಿ ಆತುರಪಟ್ಟರೆ ಸ್ವಹಾನಿಯ ಅಪಾಯ ಹೆಚ್ಚುತ್ತದೆ. ಕ್ಲೈಮ್ಯಾಕ್ಸಿನಲ್ಲಿ ಒಂದು ಹೊಡೆದಾಟ, ‘ಕೆಟ್ಟವನು’ ಮಾಯ ಅನ್ನುವುದು ಶುದ್ಧ ಸುಳ್ಳು.

ನಗು ಬೇಕೇ ಬೇಕೆಂದರೆ ಚಿತ್ರಕಥೆಗಾರರು ನೆನಪಿನ ಖಾಲಿ ಜಾಗಗಳ ಕಡೆ ನೋಡಲಿ. ಬೀರುವಿನಲ್ಲಿ ತಾನು ಕೊಂಡ ನೆನಪೇ ಇಲ್ಲದ ಅಂಗಿ, ಗುರುತೇ ಸಿಗದವರ ಸಲಿಗೆಯ ಮಾತಿಗೆ ಎಲ್ಲ ಗೊತ್ತಿದ್ದಂತೆ ತಲೆಯಾಡಿಸುವ ಫಜೀತಿ. ಅಲ್ಲಿ ಪ್ರೇಕ್ಷಕ ಪಾತ್ರದ ಪಕ್ಕ ನಿಂತು ನಗುತ್ತಾನೆ.