ವಿಶ್ವವಿದ್ಯಾಲಯದ ಸಂಶೋಧನ ಗ್ರಂಥಗಳಿಗೆ ಮುಕ್ತ ಪರವಾನಗಿ ಕಡ್ಡಾಯವಾಗಬೇಕೆ?

ಪರ

ಲಕ್ಕುಂಡಿಯ ಶಾಸನಗಳು ಊರವರ ಕಣ್ಣೆದುರಿಗೇ ಇವೆ. ಅವುಗಳ ಪಾಠ, ಅರ್ಥ, ಟಿಪ್ಪಣಿಗಳಿರುವ ಗ್ರಂಥಗಳು ಮಾತ್ರ ಗ್ರಂಥಾಲಯದ ಬೀರುವಿನಲ್ಲಿವೆ. ವಿಶ್ವವಿದ್ಯಾಲಯಗಳ ಪ್ರಕಟಣ ವಿಭಾಗಗಳಾದ ಪ್ರಸಾರಾಂಗಗಳು ತರುವ ಇಂಥ ಪುಸ್ತಕಗಳು ಒಮ್ಮೆ ಮುಗಿದರೆ ಮರುಮುದ್ರಣ ಕಾಣುವುದು ಅಪರೂಪ. ಗದಗಿನ ಶಿಕ್ಷಕರೊಬ್ಬರು ಅಂಥ ಪುಸ್ತಕದ ನಕ್ಷೆಯನ್ನೋ ವಿವರಣೆಯನ್ನೋ ಸೇರಿಸಿ ತಮ್ಮೂರಿನ ಇತಿಹಾಸದ ಕಿರುಹೊತ್ತಿಗೆಯನ್ನು ಅಚ್ಚು ಹಾಕಿಸಲು ಹೊರಟರೆ ಯಾರ ಅನುಮತಿ ಕೇಳಬೇಕು? ಲೇಖಕರು ತೀರಿಹೋಗಿರುತ್ತಾರೆ, ವಾರಸುದಾರರು ಚದುರಿಹೋಗಿರುತ್ತಾರೆ, ಹಳೆಯ ಕರಾರುಪತ್ರ ಎಲ್ಲಿದೆಯೆಂದು ಹೇಳುವವರಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣಾನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು ಹಕ್ಕುಮುಕ್ತವಾದದ್ದು 2025ರ ಜನವರಿ 1ರಂದು. ಏಕೀಕರಣಕ್ಕಾಗಿ ಬಾಳು ಸವೆಸಿದವರ ಮಾತಿಗೇ ನಾಡು ಇಷ್ಟು ಕಾಯಬೇಕಾಯಿತು ಎಂಬುದು ನನಗೆ ನೋವಿನ ಸಂಗತಿ.

ಪ್ರಾಧ್ಯಾಪಕರ ಸಂಬಳವೂ ಮುದ್ರಣದ ಖರ್ಚೂ ಜನರ ತೆರಿಗೆಯಿಂದಲೇ ಬರುತ್ತವೆ. ಪ್ರಕಟಿಸುವಾಗಲೇ, ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ರೂಪಿಸಿರುವ ಮುಕ್ತ ಪರವಾನಗಿಗಳಲ್ಲಿ ಹೆಸರು-ನಮೂದಿಸುವ ಪರವಾನಗಿ ಕೊಟ್ಟರೆ, ಲೇಖಕರನ್ನು ಹೆಸರಿಸಿ ಯಾರು ಬೇಕಾದರೂ ನಕಲು ಮಾಡಬಹುದು, ಅನುವಾದಿಸಬಹುದು, ಮರುಮುದ್ರಿಸಬಹುದು. ಕೃತಿಸ್ವಾಮ್ಯವೂ ಲೇಖಕರಲ್ಲೇ ಉಳಿಯುತ್ತದೆ. ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿದೆ, ಆದರೆ ಅದು ಮುಖ್ಯವಾಗಿ ಸರ್ಕಾರಿ ಸಂಸ್ಥೆಗಳೊಳಗಿನವರಿಗೆ ನಿಯತಕಾಲಿಕೆಗಳನ್ನು ಓದುವ ಅವಕಾಶ ಕೊಡುತ್ತದೆಯೇ ಹೊರತು, ಧಾರವಾಡದ ಮನೆಯಲ್ಲಿ ಕುಳಿತು ಕನ್ನಡದಲ್ಲಿ ಸಂಶೋಧನೆ ಮುಂದುವರಿಸುತ್ತಿರುವ ನಿವೃತ್ತ ಅಧ್ಯಾಪಕರಿಗೆ ಮರುಬಳಕೆಯ ಹಕ್ಕನ್ನು ಕೊಡುವುದಿಲ್ಲ.

ವಿರೋಧ

ಓದುವವರ ತೊಂದರೆ ನಿಜ. ಆದರೆ ತರಗತಿಯ ಪಾಠಕ್ಕಾಗಿ ನಕಲು ಮಾಡುವುದಕ್ಕೆ ಕಾಯಿದೆಯ 52ನೆಯ ಕಲಮು ಈಗಾಗಲೇ ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನು ಎತ್ತಿಹಿಡಿಯಿತು. ಖಾಸಗಿ ಅಧ್ಯಯನಕ್ಕೂ ವಿಮರ್ಶೆಗೂ ವಿನಾಯಿತಿಯಿದೆ.

ನನ್ನ ಆಕ್ಷೇಪವಿರುವುದು ‘ಕಡ್ಡಾಯ’ ಎಂಬ ಮಾತಿಗೆ. ನಮ್ಮ ಭಾಗದ ಸಂಶೋಧನೆಯಲ್ಲಿ ಬಹುಪಾಲು ಊರೂರು ಅಲೆದು ಸಂಗ್ರಹಿಸಿದ್ದು. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿರುವ ಹಾವೇರಿ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಸುವ ಪದವನ್ನು ಹಾಡಿದ ಅಜ್ಜಿ ಸಂಗ್ರಾಹಕನ ಮೇಲಿನ ವಿಶ್ವಾಸದಿಂದ ಹಾಡಿರುತ್ತಾಳೆ. ಪುಸ್ತಕದ ಮೇಲೆ ಬರುವುದು ಸಂಗ್ರಾಹಕನ ಹೆಸರು. ಹೆಸರು ನಮೂದಿಸಿದರೆ ಸಾಕೆಂಬ ಪರವಾನಗಿಯಲ್ಲಿ ನಮೂದಾಗುವುದೂ ಬಹುತೇಕ ಅವನದೇ ಹೆಸರು. ಧ್ವನಿಮುದ್ರಣವನ್ನೂ ಪುಸ್ತಕದ ಜೊತೆಗೆ ಕೊಟ್ಟರೆ ಕಂಪನಿಯೊಂದು ಅದನ್ನು ಜಾಹೀರಾತಿಗೆ ಬಳಸಲು ಮುಂದಾಗಬಹುದು. ಹಾಡುವವರ ಪ್ರದರ್ಶನಕ್ಕೆ ಕಾಯಿದೆ 50 ವರ್ಷದ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಸಂಗ್ರಾಹಕನಿಗಾಗಲಿ ಪ್ರಸಾರಾಂಗಕ್ಕಾಗಲಿ ಇಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ, ಷರತ್ತು ಪಾಲಿಸುವವರಿಂದ ಹಿಂಪಡೆಯಲೂ ಬರುವುದಿಲ್ಲ. ನಾಳೆ ಆಕೆಯ ಮಗಳು ಬಂದು ಕೇಳಿದರೆ ಉತ್ತರ ಕೊಡುವವರು ಯಾರು?

ಶಾಸನದ ಪಾಠವೂ ಜೀವಂತ ಮನುಷ್ಯರ ಹಾಡೂ ಒಂದೇ ನಿಯಮದಡಿ ಬರಬಾರದು. ವಾಣಿಜ್ಯ ಬಳಕೆಯನ್ನು ತಡೆಯುವ, ಬದಲಾವಣೆಯನ್ನು ತಡೆಯುವ ಪರವಾನಗಿಗಳೂ ಇವೆ. ಯಾವ ಗ್ರಂಥಕ್ಕೆ ಯಾವುದು ಎಂಬುದನ್ನು ಹಾಡಿದವರನ್ನು ಕೇಳಿ ಲೇಖಕರೇ ತೀರ್ಮಾನಿಸಲಿ. 1995ರ ಮೇ ನಂತರದ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಹಕ್ಕಿನ ವರ್ಗಾವಣೆ 5 ವರ್ಷಕ್ಕೆ ಮುಗಿಯುತ್ತದೆಂದು 19ನೆಯ ಕಲಮು ಹೇಳುತ್ತದೆ. ಮುಗಿದುಹೋದ ಪುಸ್ತಕಗಳ ಲೇಖಕರು ಮೊದಲು ತಮ್ಮ ಹಳೆಯ ಕರಾರನ್ನು ಹುಡುಕಿ ತೆಗೆದು ಓದಬೇಕು, ಏಕೆಂದರೆ ಆ ಹಕ್ಕು ಎಂದೋ ಅವರ ಕೈಗೆ ಮರಳಿ ಬಂದಿರಬಹುದು.