ಔಷಧಿ ಒಂದೇ, ಮಣ್ಣು ಬೇರೆ

ಅಂಕೋಲಾದ ನಮ್ಮ ಮರಳು ಗದ್ದೆಯಲ್ಲಿ ಶೇಂಗಾ ಬಿತ್ತಿದ ಮರುದಿನವೇ ಪೆಂಡಿಮೆಥಾಲಿನ್ ಎಂಬ ಕಳೆ ಔಷಧಿ ಹೊಡೆದಿದ್ದೆ. ಕಳೆ ಬರಲಿಲ್ಲ, ಖುಷಿಯಾಯ್ತು. ಎರಡು ತಿಂಗಳ ಮೇಲೆ ಗದ್ದೆಯ ಖಾಲಿ ಅಂಚಿನಲ್ಲಿ ಹರಿವೆ ಬೀಜ ಎರಚಿದೆ. ಹುಟ್ಟಿದ್ದೇ ನಾಲ್ಕಾರು ಗಿಡ. ಕಿತ್ತು ನೋಡಿದರೆ ಬೇರು ಮೊಂಡು, ತುದಿ ಊದಿಕೊಂಡಿತ್ತು. ಬೀಜವೇ ಕೆಟ್ಟದ್ದು ಅಂದುಕೊಂಡೆ. ಅದೇ ಬೀಜ ಹಿತ್ತಲಲ್ಲಿ ಸೊಂಪಾಗಿ ಬಂತು.

ಆಗ ಡಬ್ಬಿಯ ಚೀಟಿ ಸರಿಯಾಗಿ ಓದಿದೆ. ನಾನು ತಂದದ್ದು ಹಳೆಯ 30 ಇ.ಸಿ. (ಎಣ್ಣೆಯಂಥ ದ್ರಾವಣ) ಅಲ್ಲ, 38.7 ಸಿ.ಎಸ್. ಎಂಬ ಇನ್ನೊಂದು ಬಗೆ. ಇದರಲ್ಲಿ ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳೊಳಗೆ ತುಂಬಿರುತ್ತಾರೆ. ಒಮ್ಮೆಲೇ ಹೊರಬರದೆ ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ. ಬಿಸಿಲಿಗೆ ಆವಿಯಾಗುವುದೂ ಕಡಿಮೆ. ಇದ್ದ ಬೆಳೆಗೆ ಅದು ಒಳ್ಳೆಯದೇ. ಮುಂದಿನ ಬೆಳೆಗೆ ಮಾತ್ರ ಜಾಸ್ತಿ ದಿನ ಕಾಯಬೇಕು. ಮಾರುವಾಗ ಈ ಮಾತನ್ನು ಯಾರೂ ಹೇಳಲಿಲ್ಲ. ಇಂಥ ವಿಷಯ ಡಬ್ಬಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ, ಯಾವ ಮಣ್ಣಿಗೆ ಎಷ್ಟು ದಿನ ಅಂತ ಇರಲೇಬೇಕು.

ಯಾಕೆಂದರೆ ಮಣ್ಣಿನ ಪಾಲು ದೊಡ್ಡದು. ಮರಳಿಗೆ ಔಷಧಿಯನ್ನು ಹಿಡಿದುಕೊಳ್ಳುವ ಶಕ್ತಿ ಕಡಿಮೆ. ಅದೇ ಪ್ರಮಾಣ ಇಲ್ಲಿ ಬೇರಿಗೆ ಜೋರಾಗಿ ತಾಗುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಮರಳಿನಲ್ಲಿ ಕಡಿಮೆ, ಮಣ್ಣು ಒಣಗಿದರೆ ಅವುಗಳ ಕೆಲಸ ಇನ್ನೂ ನಿಧಾನ. ಪೆಂಡಿಮೆಥಾಲಿನ್ ನೀರಿನಲ್ಲಿ ಅಷ್ಟಾಗಿ ಕರಗದು, ಮೇಲ್ಮಣ್ಣಿನಲ್ಲೇ ಕೂರುತ್ತದೆ. 2,4-ಡಿ ಎಂಬ ಇನ್ನೊಂದು ಕಳೆ ಔಷಧಿ ಹಾಗಲ್ಲ, ಜೋರು ಮಳೆ ಬಂದರೆ ಮರಳಿನಲ್ಲಿ ಕೆಳಗಿಳಿಯುತ್ತದೆ. ನಮ್ಮ ಕಡೆ ಬಾವಿ ನೀರು ಎಷ್ಟು ಮೇಲಿರುತ್ತದೆ ಅಂತ ಗೊತ್ತಲ್ವಾ?

ಶಿರಸಿಯ ಅಕ್ಕನ ತೋಟದಲ್ಲಿ ಬೇರೆಯೇ ಕಥೆ. ಸೊಪ್ಪಿನ ಬೆಟ್ಟದ ದರಕು (ಒಣ ಎಲೆ) ಹಾಕಿ ಹಾಕಿ ಮೇಲೆ ಕಪ್ಪು ಮಣ್ಣು, ಕೆಳಗೆ ಕೆಂಪು ಜಂಬಿಟ್ಟಿಗೆ. ಆ ಕೆಂಪು ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಗ್ಲೈಫೋಸೇಟ್ ಎಂಬ ಕಳೆ ಔಷಧಿಯನ್ನು ಗಟ್ಟಿಯಾಗಿ ಹಿಡಿಯುತ್ತವೆ. "ಮಣ್ಣಿಗೆ ಬಿದ್ದ ಕೂಡಲೇ ಹೋಯ್ತು" ಎನ್ನುತ್ತಾರೆ ಭಾವ. ಹೋಗಿಲ್ಲ ಭಾವ, ಅಂಟಿಕೊಂಡು ಕೂತಿದೆ. ರಂಜಕದ ಗೊಬ್ಬರವೂ ಅದೇ ಜಾಗಕ್ಕೆ ಅಂಟುವಂಥದ್ದು. ಅದನ್ನು ಜಾಸ್ತಿ ಸುರಿದರೆ ಗ್ಲೈಫೋಸೇಟ್ ಸ್ವಲ್ಪ ಬಿಟ್ಟುಕೊಳ್ಳಬಹುದು.

ಈ ಸಲ ಬಿತ್ತುವ ಮೊದಲು ನಮ್ಮ ಗದ್ದೆಯಲ್ಲಿ ಔಷಧಿ ಉಳಿದಿದೆಯಾ ಅಂತ ನೋಡಲು ಎಂಟು ಕರಟ ಇಟ್ಟೆ. ನಾಲ್ಕಕ್ಕೆ ಗದ್ದೆಯ ಮೇಲಿನ ಎರಡಿಂಚು ಮಣ್ಣು, ನಾಲ್ಕಕ್ಕೆ ಔಷಧಿ ಕಾಣದ ಜಾಗದ ಮರಳು ಮಣ್ಣು. ಎಲ್ಲದರಲ್ಲೂ ಹರಿವೆ. ಹದಿನೈದು ದಿನ ಬಿಟ್ಟು ಕಿತ್ತು ಪಕ್ಕಪಕ್ಕ ಇಟ್ಟೆ. ಬೇರು ಹೆಚ್ಚುಕಡಿಮೆ ಒಂದೇ ಉದ್ದ ಇದ್ದವು. ಆಮೇಲೇ ಗದ್ದೆಗೆ ಬೀಜ ಹಾಕಿದ್ದು.